ರಸಬಾಳೆ ಬುಡದ ಜಾಝ್

ಜಾಝ್ ಎಂಬ ಸಂಗೀತವೊಂದು ಈ ಲೋಕದಲ್ಲಿದೆ ಎನ್ನುವುದು ನಿಂಗರಾಜುವಿಗೆ ಗೊತ್ತಾದದ್ದು ಏಣಿಯ ಮೇಲೆ. ಜ್ಞಾನೋದಯಕ್ಕೆ ಅದೇನೂ ಹೇಳಿ ಮಾಡಿಸಿದ ಜಾಗವಲ್ಲ. ಆದರೆ ಲೈನ್‌ಮನ್ ಆದವನಿಗೆ ಅರ್ಧ ಆಯುಸ್ಸು ಅಲ್ಲೇ ಕಳೆಯುತ್ತದೆ. ಮೂರು ವರ್ಷದ ಹಿಂದೆ, ಅವನಿನ್ನೂ ನಂಜನಗೂಡಿನಲ್ಲಿ ಕೆಲಸಕ್ಕಿದ್ದಾಗ, ಒಂದು ಮಧ್ಯಾಹ್ನದ ಬಿರುಗಾಳಿಗೆ ರೈಲ್ವೆ ಸ್ಟೇಷನ್ ಹಿಂದಿನ ಬೀದಿಯ ಮನೆಯೊಂದಕ್ಕೆ ಕರೆಂಟ್ ಹೋಗಿತ್ತು. ಮನೆ ಮುಂದಿನ ಕಂಬಕ್ಕೆ ಏಣಿ ಆನಿಸಿ, ಕಿತ್ತುಹೋದ ತಂತಿ ಹೆಣೆದು, ಫ್ಯೂಸ್ ಒತ್ತಿದ. ಒತ್ತಿದ್ದೇ ತಡ, ಎದುರಿನ ಕಿಟಕಿಯೊಳಗೆ ಏನೋ ಗುಟುರು ಹಾಕಿತು.

ಮೊದಲು ಅದು ಎಮ್ಮೆಯ ನರಳಾಟದಂತಿತ್ತು. ಆಮೇಲೆ ಗಂಟಲು ಸರಿಮಾಡಿಕೊಂಡು ಮೇಲೇರುತ್ತ ಏರುತ್ತ, ನಾಲ್ಕೇ ಸೆಕೆಂಡಿನಲ್ಲಿ ಸ್ಯಾಕ್ಸೊಫೋನ್ ಆಯಿತು. ಸ್ಯಾಕ್ಸೊಫೋನ್ ಅವನಿಗೇನೂ ಹೊಸದಲ್ಲ, ಆ ಸೀಮೆಯ ಕಲ್ಯಾಣ ಮಂಟಪಗಳಲ್ಲಿ ತಾಳಿ ಕಟ್ಟುವ ಹೊತ್ತಿಗೆ ಊದುವುದುಂಟು. ಆದರೆ ಇವನು ಬೇರೆ ಜಾತಿಯ ಊದುಗಾರ. ಹಾಡಿನ ದಾರಿ ಬಿಟ್ಟು ಗದ್ದೆಗಿಳಿದ, ಬದುವಿನ ಮೇಲೆ ಓಡಿದ, ಇನ್ನೇನು ಬಿದ್ದೇ ಬಿದ್ದ ಅನ್ನುವಾಗ ಸರಿಯಾಗಿ ಬಂದು ದಾರಿಗೇ ಕಾಲಿಟ್ಟ. ನಿಂಗರಾಜುವಿನ ಮೈಕೂದಲು ನಿಮಿರಿ ನಿಂತವು. ಶಾಕ್ ಹೊಡೆಯಿತೇನೋ ಎಂದು ಒಂದು ಕ್ಷಣ ಕೈಗವಸು ನೋಡಿಕೊಂಡ.

ಇಳಿದವನೇ ಚಪ್ಪಲಿ ಬಿಟ್ಟು ಬಾಗಿಲು ತಟ್ಟಿದ. ತೆರೆದವರು ನಟರಾಜ್, ಎಪ್ಪತ್ತೈದರ ಆಸುಪಾಸಿನ ಮನುಷ್ಯ. ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದು ನಿವೃತ್ತರಾದವರು.

“ಏನಪ್ಪಾ, ಇನ್ನೂ ಏನಾದ್ರೂ ಕೆಲಸ ಇದೆಯಾ?”

“ಇಲ್ಲ ಸಾ. ಅದೇನ್ ಸಾ, ಒಳಗಡೆ ಕೂಗ್ತಾ ಇರೋದು?”

“ಗ್ರಾಮಫೋನ್ ಪ್ಲೇಟು. ಅರ್ಧದಲ್ಲಿ ಕರೆಂಟ್ ಹೋಯ್ತು, ಹಂಗೇ ನಿಂತ್ಕೊಂಡಿತ್ತು. ನೀನು ಜೀವ ಕೊಟ್ಟೆ. ಒಳಗೆ ಬಾ.”

ಒಳಗೆ ಹೋದವನು ಹೊರಗೆ ಬಂದದ್ದು ಎರಡು ಗಂಟೆಯ ಮೇಲೆ. ಬೀದಿಯ ಉಳಿದ ಕಂಪ್ಲೇಂಟುಗಳೆಲ್ಲ ಅಷ್ಟು ಹೊತ್ತು ಕಾದವು. ನಟರಾಜ್ ಹತ್ತಿರ ನಾನೂರ ಹನ್ನೆರಡು ಜಾಝ್ ಪ್ಲೇಟುಗಳಿದ್ದವು. ಮೊದಲ ಹತ್ತು, ಕಾರ್ಖಾನೆಗೆ ಯಂತ್ರ ಕೂರಿಸಲು ಬಂದಿದ್ದ ವಿದೇಶಿ ಎಂಜಿನಿಯರೊಬ್ಬ ಹೊರಡುವಾಗ ಬಿಟ್ಟುಹೋದವು. ಉಳಿದವನ್ನು ನಟರಾಜ್ ಮತ್ತು ಅವರ ಹೆಂಡತಿ ಇಂದ್ರಾಣಿ ನಲವತ್ತು ವರ್ಷ ಬೆಂಗಳೂರು, ಮೈಸೂರು, ಊಟಿಯ ಹಳೇ ಸಾಮಾನಿನ ಅಂಗಡಿಗಳಲ್ಲಿ ಧೂಳು ಕುಡಿದು ಹೆಕ್ಕಿ ತಂದಿದ್ದರು. ಇಂದ್ರಾಣಿ ಈಗ ಗೋಡೆಯ ಮೇಲಿನ ಫೋಟೋದಲ್ಲಿ ಮಾತ್ರ ಇದ್ದರು.

ಅಲ್ಲಿಂದ ನಿಂಗರಾಜುವಿನ ಭಾನುವಾರಗಳೆಲ್ಲ ನಟರಾಜ್ ಪಾಲಾದವು. ಒಂದೂವರೆ ವರ್ಷ ಕಳೆದ ಮೇಲೆ ಅವನಿಗೆ ತಿ. ನರಸೀಪುರಕ್ಕೆ ವರ್ಗವಾಯಿತು. ಅವನ ಮನೆ ಅಲ್ಲಿಗೆ ಹತ್ತಿರದ ಸೋಮನಾಥಪುರದಲ್ಲೇ ಇದ್ದುದರಿಂದ ಖುಷಿಪಡಬೇಕಾಗಿತ್ತು. ಅವನು ಸಪ್ಪಗಿದ್ದ. ನಟರಾಜ್ ಹಿತ್ತಲಿಂದ ಒಂದು ಬಾಳೆಕಂದು ಕಿತ್ತು ತಂದು ಅವನ ಕೈಗಿಟ್ಟರು.

“ಅಸಲಿ ನಂಜನಗೂಡು ರಸಬಾಳೆ ಕಣಯ್ಯಾ. ಸೊರಗು ರೋಗಕ್ಕೆ ಊರಲ್ಲೇ ಇಲ್ಲದಂಗಾಗಿದೆ. ಇದನ್ನ ಇಂದ್ರಾಣಿ ಉಳಿಸಿಕೊಂಡು ಬಂದಿದ್ಲು. ಮಗು ಥರ ನೋಡ್ಕೋ.”

ನಿಂಗರಾಜು ಅದನ್ನು ಹಿತ್ತಲಲ್ಲಿ, ಬಚ್ಚಲ ನೀರು ಹರಿಯುವ ಕಡೆ ನೆಟ್ಟ. ಮನೆಯ ವೈರಿಂಗನ್ನು ನೆಲಕ್ಕೆ ಬೆಸೆಯುವ ಅರ್ತಿಂಗ್ ಗುಂಡಿ ಇದ್ದದ್ದೂ ಅಲ್ಲೇ. ಅವನೇ ಅಗೆದು, ಪೈಪು ಇಳಿಸಿ, ಇದ್ದಿಲು ಉಪ್ಪು ತುಂಬಿಸಿದ ಗುಂಡಿ. ಮಣ್ಣು ಒದ್ದೆಯಾಗಿದ್ದರಷ್ಟೇ ಅರ್ತಿಂಗು ಕೆಲಸ ಮಾಡುತ್ತದೆ ಎಂಬುದು ಅವನು ತಾಲ್ಲೂಕಿಗೆಲ್ಲ ಸಾರುತ್ತಿದ್ದ ಮಾತು. ಬಿಲ್ಲು ಕಟ್ಟಲು ಬಂದವರಿಗೂ “ಗುಂಡಿಗೆ ವಾರಕ್ಕೊಂದು ಕೊಡ ನೀರು ಉಯ್ರಪ್ಪಾ” ಎಂದು ಪಾಠ ಮಾಡಿಯೇ ಕಳಿಸುತ್ತಿದ್ದ.

ಸಂಗೀತದ ಹುಚ್ಚು ಹಿಡಿದವನಿಗೆ ಸಾಮಾನಿನ ಹುಚ್ಚು ಹಿಡಿಯಲು ತಡವಾಗುವುದಿಲ್ಲ. ಹೈ ರೆಸಲ್ಯೂಶನ್ ಎಂಬ ಶಬ್ದ ಅವನ ಬಾಯಿಗೆ ಬಂದ ಮೇಲೆ ಮನೆಯಲ್ಲಿ ಬೇರೆ ಮಾತೇ ಇಲ್ಲ. ಇಪ್ಪತ್ನಾಲ್ಕು ಬಿಟ್, ನೂರ ತೊಂಬತ್ತೆರಡು ಕಿಲೋಹರ್ಟ್ಸ್, ಸಿಡಿಗಿಂತ ಆರು ಪಟ್ಟು ದೊಡ್ಡ ಫೈಲು! ಆ ಫೈಲಿನ ಅಂಕಿಗಳನ್ನು ಸದ್ದು ಮಾಡಿಕೊಡುವ ಡ್ಯಾಕ್ ಎಂಬ ಪುಟ್ಟ ಡಬ್ಬಿ ಯಾವುದು ತರಬೇಕು ಎಂದು ಐದು ತಿಂಗಳು ಫೋನಿನಲ್ಲಿ ಓದಿದ. ಹೆಣ್ಣು ನೋಡಲು ಕೂಡ ಇಷ್ಟು ವಿಚಾರಿಸಲಿಲ್ಲ ಎಂದು ಅವನ ಹೆಂಡತಿ ಭಾನುಪ್ರಿಯಾ ಕಿಚಾಯಿಸಿದಳು. ನಟರಾಜ್ ಮಾತ್ರ ಫೋನಿನಲ್ಲೇ ಕ್ರಮ ಹೇಳಿಕೊಟ್ಟರು: ಮೊದಲು ಕೋಣೆ ನೋಡು, ಆಮೇಲೆ ಸ್ಪೀಕರ್, ಆಮೇಲೆ ಆಂಪ್ಲಿಫೈಯರ್, ತಂತಿಯ ಚಿಂತೆ ಎಲ್ಲಕ್ಕಿಂತ ಕೊನೆಗೆ.

ಸ್ಪೀಕರಿನ ಒಳಗಿನ ಭಾಗ ಅಂಚೆಯಲ್ಲಿ ಬಂತು. ಪೆಟ್ಟಿಗೆ ಮಾಡಿದವನು ಬಾಗಿಲು ಕಿಟಕಿ ಮಾಡುವ ಬಡಗಿ ಬೆಟ್ಟಯ್ಯ, ಹಲಸಿನ ಹಲಗೆಯಲ್ಲಿ. ಮುಂದೆ ಇಷ್ಟಗಲ ತೂತು, ಹಿಂದೆ ಒಂದು ಕಿಂಡಿ ಎಂದದ್ದಕ್ಕೆ, “ಅಲ್ಲಾ ನಿಂಗರಾಜು, ಕೋಳಿಗೂಡಿಗೆ ಯಾಕ್ಲಾ ಅಲಸಿನ ಮರ?” ಎಂದು ಕೇಳಿದ್ದ. ಪ್ಲೇಟು ತಿರುಗಿಸುವ ಹಳೆಯ ಟರ್ನ್‌ಟೇಬಲ್ ಒಂದು ಮೈಸೂರಲ್ಲಿ ಸಿಕ್ಕಿತು. ಬೇಸಿಗೆಯ ಮುಂಚೆ ಎಲ್ಲವೂ ಕೂಡಿಬಂದು ಮೊದಲ ಸಲ ಪ್ಲೇಟು ಹಾಕಿದ ದಿನ, ಡ್ರಮ್ಮಿನ ಮೇಲೆ ಕುಂಚ ಸವರುವ ಸದ್ದು ಕೋಣೆಯ ಎಡಮೂಲೆಯಲ್ಲಿ ಎದ್ದು ನಿಂತಿತು. ನಿಂಗರಾಜು ಕುಣಿದೇಬಿಟ್ಟ. ಅಡುಗೆಮನೆಯಲ್ಲಿ ಮಿಕ್ಸಿಯ ಮುಂದೆ ನಿಂತಿದ್ದ ಅವನ ತಾಯಿ ಚಿಕ್ಕಬಸಮ್ಮ, “ಯಾರೋ ಮೂಲೇಲಿ ಮೊರದಲ್ಲಿ ರಾಗಿ ಕೇರ್ತಾವ್ರಲ್ಲ!” ಎಂದು ಇಣುಕಿ ನೋಡಿದಳು.

ಈ ಸಂಭ್ರಮದ ನಡುವೆಯೇ ನಟರಾಜ್ ಫೋನ್ ಬಂತು.

“ನಿಂಗರಾಜು, ಪ್ಲೇಟುಗಳನ್ನೆಲ್ಲ ಕೊಟ್ಬಿಡೋಣ ಅಂತಿದೀನಿ. ಕಿವಿ ಮೊದಲಿನಂಗಿಲ್ಲ. ಬೆಂಗಳೂರಿಂದ ಒಬ್ಬ ಬಂದಿದ್ದ, ಕಾಫಿ ಹೋಟೆಲಿನೋನು. ಗೋಡೆ ಮೇಲೆ ಅಂಟಿಸ್ತಾನಂತೆ, ಶೋಕಿಗೆ.”

“ಸಾ! ಗೋಡೆಗಾ?”

“ಅದಕ್ಕೇ ನಿನ್ನ ಕೇಳ್ತಿರೋದು. ಯುಗಾದಿ ಆದ್ಮೇಲೆ ಒಂದು ಭಾನುವಾರ ನಿಮ್ಮನೆಗೆ ಬರ್ತೀನಿ. ಒಂದು ಪ್ಲೇಟು ತರ್ತೀನಿ, ನಿನಗೆ ನಾನು ಯಾವತ್ತೂ ಹಾಕಿ ಕೇಳಿಸದೇ ಇರೋದು. ಎರಡನೇ ಹಾಡಿಗೆ ಮುಂಚೆ ಒಂದು ನಾಲ್ಕು ಸೆಕೆಂಡ್ ಖಾಲಿ ಇದೆ. ಅಲ್ಲಿ ಏನೋ ಇದೆ. ಏನು ಅಂತ ನಾನು ಹೇಳಲ್ಲ. ಮೂರು ಸಲ ಹಾಕ್ತೀನಿ. ನಿಮ್ಮನೇಲಿ ಅದು ಕೇಳಿಸಿದ್ರೆ ನಾನೂರ ಹನ್ನೆರಡೂ ನಿಂದೇ. ಕೇಳಿಸಲಿಲ್ಲ ಅಂದ್ರೆ ಅವು ನಿನ್ನ ಹತ್ರ ಇದ್ರೂ ಒಂದೇ, ಗೋಡೆ ಮೇಲಿದ್ರೂ ಒಂದೇ.”

ನಿಂಗರಾಜುವಿಗೆ ಆ ವಾರವೆಲ್ಲ ಊಟ ರುಚಿಸಲಿಲ್ಲ. ನಾನೂರ ಹನ್ನೆರಡು! ಎಲ್ಲವನ್ನೂ ಹೈ ರೆಸಲ್ಯೂಶನ್ ಫೈಲಾಗಿ ಉಳಿಸಿಡುತ್ತೇನೆ, ಒಂದೊಂದರ ಚರಿತ್ರೆ ಬರೆದಿಡುತ್ತೇನೆ ಎಂದು ಮನಸ್ಸಿನಲ್ಲೇ ಮಂಡಿಗೆ ತಿಂದ. ನಟರಾಜ್ ಬರುವ ಮನೆ ಎಂದು ಹಿತ್ತಲನ್ನೂ ಚೊಕ್ಕಟ ಮಾಡಿದ. ಬಚ್ಚಲ ನೀರು ಎಲ್ಲೆಂದರಲ್ಲಿ ಹರಿದು ಕೆಸರಾಗಬಾರದೆಂದು ಪೈಪು ಹಾಕಿಸಿ ಬೀದಿಯ ಚರಂಡಿಗೆ ಸೇರಿಸಿದ.

ಅದಾಗಿ ಮೂರು ವಾರಕ್ಕೆ ಮನೆಗೆ ಎರಡು ಕೇಡು ಒಟ್ಟಿಗೆ ಬಂದವು. ರಸಬಾಳೆಯ ಎಲೆಗಳು ಹಳದಿಯಾಗಿ ಜೋತುಬಿದ್ದವು. ಸ್ಪೀಕರಿನೊಳಗೆ ಗುಂಯ್ ಎಂಬ ಸದ್ದು ಹೊಕ್ಕಿತು.

ರಸಬಾಳೆ ಹಳದಿಯಾದರೆ ಆ ಸೀಮೆಯಲ್ಲಿ ಯಾರೂ ಎರಡನೇ ಸಲ ಯೋಚಿಸುವುದಿಲ್ಲ. ಸೊರಗು ರೋಗ ಅಷ್ಟು ತೋಟಗಳನ್ನು ನುಂಗಿದೆ. ಬೆಟ್ಟಯ್ಯ ದೂರದಿಂದಲೇ ನೋಡಿ ತೀರ್ಪು ಕೊಟ್ಟ: “ಅದು ಓಯ್ತು ಬುಡು. ನೀರ್ ಗೀರ್ ಉಯ್ದೀರಿ ಮತ್ತೆ, ನೀರಲ್ಲೇ ರೋಗ ಅರಡೋದು. ನನ್ ಬಾಳೆನೂ ಆಳಾಯ್ತದೆ.” ಅವನ ಬಾಳೆತೋಟ ಬೇಲಿಯಾಚೆಗೇ ಇತ್ತು. ಹಾಗಾಗಿ ಬಾಳೆಗೆ ಒಂದು ತೊಟ್ಟು ನೀರೂ ಹಾಕಕೂಡದೆಂದು ನಿಂಗರಾಜು ಮನೆಯಲ್ಲಿ ಕಟ್ಟಪ್ಪಣೆ ಮಾಡಿದ. ಚಿಕ್ಕಬಸಮ್ಮ ದಿನಾ ಅದರ ಮುಂದೆ ನಿಂತು ಲೊಚಗುಟ್ಟುತ್ತಿದ್ದಳು.

ಗುಂಯ್ ಸದ್ದಿಗೆ ಅವನು ಮಾಡದ ಚಿಕಿತ್ಸೆಯಿಲ್ಲ. ಡ್ಯಾಕ್ ಬಿಚ್ಚಿ ನೋಡಿದ, ಆಂಪ್ಲಿಫೈಯರ್ ಜಾಗ ಬದಲಿಸಿದ, ಫ್ರಿಜ್ ಆಫ್ ಮಾಡಿ ಭಾನುಪ್ರಿಯಾಳ ಕೈಲಿ ಬೈಸಿಕೊಂಡ. ದಿನಾ ಕಿಲೋಮೀಟರುಗಟ್ಟಲೆ ತಂತಿ ಎಳೆಯುವ ಮನುಷ್ಯ, ಒಂದು ಮೀಟರ್ ಉದ್ದದ ಬೆಳ್ಳಿ ಲೇಪದ ತಂತಿಯನ್ನು ಪರದೇಶದಿಂದ ತರಿಸಿ ಪೂಜೆ ಮಾಡಿ ಜೋಡಿಸಿದ. ಗುಂಯ್ ಅಲ್ಲಾಡಲಿಲ್ಲ. ಅವನು ಅನುಮಾನಿಸದೇ ಬಿಟ್ಟದ್ದು ಒಂದನ್ನೇ, ತಾನೇ ಅಗೆದ ಆ ಗುಂಡಿಯನ್ನು. ಊರಿಗೆಲ್ಲ ಹೇಳುವವನಿಗೆ ಅದನ್ನು ಯಾರು ಹೇಳಬೇಕು?

ಆ ಭಾನುವಾರ ಬಂದೇಬಿಟ್ಟಿತು. ಹನ್ನೊಂದರಿಂದ ಒಂದು ಗಂಟೆಯವರೆಗೆ ಪ್ರಳಯವಾದರೂ ಲೈನ್ ತೆಗೆಯಬೇಡ ಎಂದು ಕರೆಂಟ್ ಸ್ಟೇಷನ್ನಿನಲ್ಲಿದ್ದ ಗೆಳೆಯನಿಗೆ ಆಣೆ ಹಾಕಿಸಿ, ನಿಂಗರಾಜು ನರಸೀಪುರದ ಬಸ್ ನಿಲ್ದಾಣಕ್ಕೆ ಹೋದ. ನಟರಾಜ್ ಬಸ್ಸಿಳಿದರು. ಕಿವಿಯಲ್ಲಿ ಯಂತ್ರ, ಎದೆಗೊತ್ತಿಕೊಂಡ ಬಟ್ಟೆ ಚೀಲದಲ್ಲಿ ಒಂದೇ ಒಂದು ಪ್ಲೇಟು. ಬೈಕಿನ ಹಿಂದೆ ಕೂತು ಸೋಮನಾಥಪುರದವರೆಗೂ ಅವರು ಆ ಚೀಲವನ್ನು ಕೈಬಿಡಲಿಲ್ಲ.

ಬಂದವರೇ ಕೇಳಿದ್ದು ಬಾಳೆಯನ್ನು. ಹಿತ್ತಲಿಗೆ ಹೋಗಿ ನೋಡಿದರು. ಮುಖ ಬಾಡಿತು.

“ಸೊರಗು ರೋಗ ಸಾ,” ಎಂದ ನಿಂಗರಾಜು ನೆಲ ನೋಡುತ್ತ.

“ಇಂದ್ರಾಣಿ ಹತ್ರ ಬದುಕಿತ್ತು,” ಎಂದಷ್ಟೇ ಹೇಳಿ ಒಳಗೆ ಬಂದರು. ನಿಂಗರಾಜುವಿಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಮೊದಲ ಸಲ ನಟರಾಜ್ ತಾವೇ ಮುಳ್ಳು ಇಳಿಸಿದರು. ಮೊದಲ ಹಾಡಿನ ಕೊನೆಯ ಅರ್ಧ ನಿಮಿಷ. ಸ್ಯಾಕ್ಸೊಫೋನ್ ಹಲಸಿನ ಪೆಟ್ಟಿಗೆಯಿಂದ ಜೇನಿನಂತೆ ಸುರಿಯಿತು. ನಟರಾಜ್ ಹುಬ್ಬೇರಿಸಿದರು, ಮೆಚ್ಚಿದ್ದರು! ಹಾಡು ಮುಗಿಯಿತು. ಖಾಲಿ ಬಂತು. ಆ ಖಾಲಿಯ ತುಂಬ ಗುಂಯ್ ಎಂಬ ಸದ್ದು ಜೇನುಹುಳದ ಹಿಂಡಿನಂತೆ ಎದ್ದು ಕೂತಿತು. ನಾಲ್ಕು ಸೆಕೆಂಡ್ ಹೋಯಿತು.

“ಏನು ಕೇಳಿಸ್ತು?”

ಸುಳ್ಳು ಹೇಳಬಹುದಿತ್ತು. ಕೆಮ್ಮು, ಉಸಿರು, ಕುರ್ಚಿ ಎಳೆದದ್ದು, ಏನಾದರೊಂದು ಊಹೆ. “ಏನೂ ಇಲ್ಲ ಸಾ,” ಎಂದ. “ಗುಂಯ್ ಅನ್ನೋದೊಂದೇ.”

“ಇನ್ನು ಎರಡು ಸಲ.”

ನಿಂಗರಾಜು ಪೂಜೆಯ ತಂತಿ ಕಿತ್ತೆಸೆದು ಹಳೇ ತಂತಿ ಹಾಕಿದ. ಪ್ಲಗ್ ತಿರುಗಿಸಿ ಹಾಕಿದ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಎರಡನೇ ಸಲ ಮುಳ್ಳು ಇಳಿಯಿತು. ಗುಂಯ್ ಇದ್ದೇ ಇತ್ತು. ಆದರೆ ಸ್ಯಾಕ್ಸೊಫೋನಿನ ಕೊನೆಯ ಸುತ್ತಿನಲ್ಲಿ ಅವನು ಬೆಚ್ಚಿಬಿದ್ದ. ಗುಂಯ್ ಕುಗ್ಗುತ್ತಿತ್ತು! ಯಾರೂ ಏನೂ ಮುಟ್ಟಿರಲಿಲ್ಲ. ಒಂದು ಸಲ ಕುಗ್ಗಿತು, ನಿಂತಿತು, ಮತ್ತೊಂದು ಮೆಟ್ಟಿಲು ಇಳಿಯಿತು. ಆ ಬೆರಗಿನಲ್ಲಿ ಖಾಲಿ ಜಾಗ ಬಂದದ್ದೂ ಹೋದದ್ದೂ ಅವನಿಗೆ ತಿಳಿಯಲಿಲ್ಲ. ಎರಡನೇ ಹಾಡು ಶುರುವಾಗಿಹೋಯಿತು.

“ಏನು ಕೇಳಿಸ್ತು?”

ನಿಂಗರಾಜು ಉತ್ತರ ಕೊಡದೆ ಕಿಟಕಿಗೆ ಹಾರಿದ. ಹಿತ್ತಲಲ್ಲಿ ಚಿಕ್ಕಬಸಮ್ಮ ಖಾಲಿ ಕೊಡ ಹಿಡಿದು ಬಾಳೆಯ ಬುಡದಲ್ಲಿ ನಿಂತಿದ್ದಳು. ಸೀರೆಯ ನೆರಿಗೆ ಒದ್ದೆ.

“ಅವ್ವಾ! ಏನ್ ಮಾಡ್ತಿದ್ದೀಯೆ?”

“ಬಯ್ಯೋದಾದ್ರೆ ಬಯ್ಕೊ. ಸಾಯೋ ಮನ್ಸನ ಬಾಯ್ಗೂ ನೀರ್ ಬುಡ್ತಾರೆ. ಕೊಟ್ಟೋರು ಮನೆಗ್ ಬಂದವ್ರೆ, ಅವ್ರ ಕಣ್ಮುಂದೇನೇ ಗಿಡ ಬಾಯಾರ್ಕೊಂಡು ಸಾಯ್ಬೇಕಾ? ಎಲ್ಡು ಕೊಡ ಉಯ್ದೆ. ನೋಡು, ಎಂಗೆ ಗಟಗಟ ಅಂತ ಕುಡೀತು ಭೂಮಿ!”

ನಿಂಗರಾಜು ಹಣೆ ಹಣೆ ಬಡಿದುಕೊಂಡ. ಗುಂಡಿ! ಬಚ್ಚಲ ನೀರು! ಮಣ್ಣು ಒಣಗಿ ಅರ್ತಿಂಗು ಕೆಟ್ಟದ್ದೇ ಸ್ಪೀಕರಿನೊಳಗೆ ಗುಂಯ್ ಅಂದದ್ದು. ಪೈಪು ಹಾಕಿಸಿದ್ದು ತಾನು, ನೀರು ನಿಲ್ಲಿಸಿದ್ದು ತಾನು, ಆಮೇಲೆ ಬಾಳೆಗೆ ರೋಗ ಎಂದು ಹೆಸರಿಟ್ಟವನೂ ತಾನು. ನಾಚಿಕೆಯಾಯಿತು, ನಾಚಿಕೆಯ ಹತ್ತರಷ್ಟು ಖುಷಿಯಾಯಿತು.

“ಇನ್ನೊಂದ್ ಕೊಡ ಉಯ್ಯವ್ವಾ! ಭಾನೂ, ಬಿಂದಿಗೆ ತತ್ತಾ! ಸಾ, ಒಂದೈದು ನಿಮಿಷ ಸಾ, ದಮ್ಮಯ್ಯ!”

ಮುಂದಿನ ಐದು ನಿಮಿಷ ಆ ಹಿತ್ತಲಲ್ಲಿ ಬೆಂಕಿ ಆರಿಸುವವರ ಓಡಾಟ. ಕೊಡ, ಬಿಂದಿಗೆ, ಬಕೆಟ್ಟು, ಕೊನೆಗೆ ಅನ್ನದ ಪಾತ್ರೆ ತೊಳೆಯಲು ಇಟ್ಟಿದ್ದ ನೀರೂ ಬಿಡಲಿಲ್ಲ. ನಟರಾಜ್ ಕಿಟಕಿಯಲ್ಲಿ ನಿಂತು, ಇವರಿಗೆ ಏನು ಬಡಿಯಿತು ಎಂದು ನೋಡುತ್ತಿದ್ದರು. ನಿಂಗರಾಜು ಕೆಸರು ಕಾಲಲ್ಲೇ ಒಳಗೆ ಬಂದು ಆಂಪ್ಲಿಫೈಯರಿನ ವಾಲ್ಯೂಮ್ ಪೂರ್ತಿ ತಿರುಗಿಸಿದ.

ಏನೂ ಇಲ್ಲ. ಗುಂಯ್ ಇಲ್ಲ. ಬೇಲಿಯಾಚೆ ಬೆಟ್ಟಯ್ಯನ ಬಾಳೆಯಲ್ಲಿ ಗಾಳಿ ಆಡುವುದು ಕೇಳುತ್ತಿತ್ತು.

“ಈಗ ಹಾಕಿ ಸಾ,” ಎಂದು ವಾಲ್ಯೂಮ್ ಇಳಿಸಿದ. ಇದು ಮೂರನೆಯದು, ಕೊನೆಯದು. ಚಿಕ್ಕಬಸಮ್ಮ ಒದ್ದೆ ಸೆರಗು ಹಿಂಡುತ್ತ ಹೊಸ್ತಿಲಲ್ಲಿ ಬಂದು ನಿಂತಳು. ಭಾನುಪ್ರಿಯಾ ಅವಳ ಬೆನ್ನ ಹಿಂದೆ.

ಸ್ಯಾಕ್ಸೊಫೋನ್ ತನ್ನ ಮಾತು ಮುಗಿಸಿತು. ಖಾಲಿ ಬಂತು. ಈ ಸಲ ಅದು ನಿಜಕ್ಕೂ ಖಾಲಿಯಾಗಿತ್ತು. ಆಳವಾದ ಬಾವಿಯೊಳಗೆ ಇಣುಕಿದಂತೆ, ಜನ ಕೂತು ಕೇಳುತ್ತಿರುವಾಗಲೇ ಪ್ಲೇಟು ಮಾಡಿದ ಆ ಪರದೇಶದ ಕೋಣೆಯ ಗೋಡೆ, ಮೇಜು, ಮಂದಿ ಎಲ್ಲ ಅಲ್ಲಿದ್ದಾರೆ ಎಂದು ಗೊತ್ತಾಗುತ್ತಿತ್ತು. ಆ ಕತ್ತಲಿನ ಬಲಗಡೆಯಿಂದ ಎಳೆಯಷ್ಟು ಸಣ್ಣ ಸದ್ದೊಂದು ಎದ್ದು ಇಲ್ಲವಾಯಿತು. ನಿಂಗರಾಜು ಬಾಯಿ ತೆರೆಯುವ ಮೊದಲೇ ಹೊಸ್ತಿಲಿಂದ ಮಾತು ಬಂತು.

“ಅಯ್, ಯಾರೋ ಎಂಗ್ಸು ನಕ್ಕಂಗಾಯ್ತಲ್ಲ! ಪಕ್ಕದೋನು ಯಾರೋ ಶ್ ಅಂದ, ಅವ್ಳು ಬಾಯ್ ಮುಚ್ಕಂಡ್ಲು.”

ನಟರಾಜ್ ತಟಕ್ಕನೆ ಮುಳ್ಳು ಎತ್ತಿದರು. “ನಿಂಗರಾಜು, ನಿನಗೇನು ಕೇಳಿಸ್ತು?”

“ನಗು ಕೇಳುಸ್ತು ಸಾ. ಆಣೆಗೂ ಕೇಳುಸ್ತು, ಬಲಗಡೆ.” ಅವನು ತಡೆದು ನಿಂತ. “ಶ್ ಅಂದಿದ್ದು ನನಗೆ ಕೇಳುಸ್ನಿಲ್ಲ. ಅದು ಅವ್ವಂಗೇ.”

“ಶ್ ಅಂದದ್ದಾ?” ನಟರಾಜ್ ಮೆಲ್ಲನೆ ಕೂತರು. “ನಲವತ್ತು ವರ್ಷ ಈ ಪ್ಲೇಟು ಕೇಳಿದೀನಿ. ನಗು ಗೊತ್ತಿತ್ತು. ಶ್ ಅಂದವನು ಒಬ್ಬ ಇದ್ದ ಅಂತ ನನಗೇ ಗೊತ್ತಿರ್ಲಿಲ್ಲ ಕಣಯ್ಯಾ!” ಹೇಳುತ್ತ ಹೇಳುತ್ತ ಅವರ ಮುಖ ಹುಡುಗನದಾಯಿತು. “ಬರೋ ಭಾನುವಾರ ಗಾಡಿ ತಗೊಂಡ್ ಬಾ. ನಾನೂರ ಹನ್ನೊಂದು ಅಲ್ಲಿವೆ. ಇದು ಇಲ್ಲೇ ಇರ್ಲಿ.”

ನಿಂಗರಾಜು ಕೂಗಿದ ಕೂಗಿಗೆ ಬೇಲಿಯಾಚೆಯಿಂದ ಬೆಟ್ಟಯ್ಯ ಏನಾಯ್ತ್ಲಾ ಎಂದು ಕೇಳಿದ. ಅವನಿಗೆ ಉತ್ತರ ಕೊಡುವ ವ್ಯವಧಾನ ಯಾರಿಗೂ ಇರಲಿಲ್ಲ. ನಿಂಗರಾಜು ಅವ್ವನನ್ನು ಎತ್ತಿ ಒಂದು ಸುತ್ತು ತಿರುಗಿಸಿ ಇಳಿಸಿದ, ನಟರಾಜ್ ಕಾಲಿಗೆ ಬಿದ್ದ, ಎದ್ದು ಭಾನುಪ್ರಿಯಾಳ ಕೈ ಕುಲುಕಿದ. ಆಮೇಲೆ ಹಲ್ಲು ಕಿರಿಯುತ್ತ ಕೇಳಿದ: “ಸಾ, ನಮ್ ಸ್ಪೀಕರ್‌ನಲ್ಲಿ ಆ ನಗು ನಿಮ್ ಮನೇಲಿ ಬಂದಂಗೇ ಬಂತಾ ಸಾ?”

ನಟರಾಜ್ ತಲೆಯಾಡಿಸಿದರು. ಬರಲಿಲ್ಲ ಎಂಬಂತೆ.

“ನನಗೆ ಕೇಳಿಸಲ್ಲಪ್ಪ. ಸಣ್ಣ ಸದ್ದು ಹೋಗಿ ಒಂದು ವರ್ಷವಾಯ್ತು. ಈ ಯಂತ್ರ ಹಾಕಿದ್ರೂ ಬರಲ್ಲ. ಆ ನಗು ಮೊದಲು ಕೇಳಿಸಿದ್ದು ಇಂದ್ರಾಣಿಗೆ. ನಾನು ಇಲ್ಲ ಅಂತ ವಾದ ಮಾಡಿದ್ದೆ, ಆಮೇಲೆ ನನಗೂ ಕೇಳಿಸ್ತು. ಆ ಜಾಗ ಬಂದಾಗಲೆಲ್ಲ ಅವಳೂ ಜೊತೆಗೆ ನಗ್ತಿದ್ಲು. ಈಗ್ಲೂ ದಿನಾ ಹಾಕ್ತೀನಿ. ಅಲ್ಲಿ ಬಂದಾಗ ಕಾಯ್ತೀನಿ. ಅಲ್ಲೇ ಇದೆಯೋ, ಪ್ಲೇಟು ಸವೆದು ಹೋಯ್ತೋ ಅಂತ ಕೇಳೋಕೆ ನನಗೆ ಯಾರೂ ಇರ್ಲಿಲ್ಲ.”

ನಿಂಗರಾಜುವಿಗೆ ಆಗ ಅರ್ಥವಾಯಿತು. ತನ್ನನ್ನು ಪರೀಕ್ಷೆ ಮಾಡಲು ಬಂದಿದ್ದಾರೆಂದು ವಾರಗಟ್ಟಲೆ ಹೆದರಿದ್ದನಲ್ಲ, ಅವರು ಬಂದದ್ದು ಕಿವಿ ಕಡ ಕೇಳಲು.

ನಟರಾಜ್ ಹೊಸ್ತಿಲ ಕಡೆ ತಿರುಗಿದರು. “ಹೆಂಗೆ ನಕ್ಲು ತಾಯಿ, ಆ ಹೆಂಗಸು?”

ಚಿಕ್ಕಬಸಮ್ಮ ನಾಚಿದಳು. ಸೊಸೆಯ ಮುಖ ನೋಡಿದಳು, ಮಗನ ಮುಖ ನೋಡಿದಳು. ಆಮೇಲೆ ಬಂದು ಅವರ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು, ಅವರಿಗೆ ಚೆನ್ನಾಗಿ ಕೇಳಲೆಂದು ಕಿವಿಯ ಹತ್ತಿರ ಬಾಗಿ, ಒದ್ದೆ ಸೆರಗನ್ನು ಬಾಯಿಗಿಟ್ಟುಕೊಂಡು, ಸದ್ದು ಮಾಡಬಾರದ ಕಡೆ ತಡೆಯಲಾರದೆ ನಕ್ಕವಳ ಹಾಗೆ ಒಂದು ಸಲ ನಕ್ಕಳು.

ನಟರಾಜ್ ಕಣ್ಣು ಮುಚ್ಚಿಕೊಂಡರು.

“ಹಾಂ,” ಎಂದರು. “ಅದೇ. ಇನ್ನೊಂದ್ಸಲ.”

ಚಿಕ್ಕಬಸಮ್ಮ ಇನ್ನೊಂದು ಸಲ ನಕ್ಕಳು.